ಪೆಟ್ರೋಲಿನ ಪಾಲು

ಹುಬ್ಬಳ್ಳಿ
13 ಜನವರಿ 2025

ಪ್ರಿಯ ದಾಕ್ಷಾಯಿಣಿ,

ಇದೇ ಹತ್ತನೇ ತಾರೀಖು, ಶುಕ್ರವಾರ, ಸಂಜೆ ಆರೂವರೆಯ ಸುಮಾರಿಗೆ ಸತ್ತೂರಿನ ಆಸ್ಪತ್ರೆಯಿಂದ ಮನೆಗೆ ಬರುವಾಗ ಉಣಕಲ್ಲಿನ ಹತ್ತಿರ ನಮ್ಮ ಕಾರು ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಬಡಿಯಿತು. ಟ್ರೇಲರಿಗೆ ಹಿಂದಿನ ದೀಪ ಇರಲಿಲ್ಲ. ಕಾರು ನಡೆಸುತ್ತಿದ್ದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು ಇದ್ದರು, ಹಿಂದಿನ ಸೀಟಿನಲ್ಲಿ ಇಮಾಮಬಿ. ಜಯಪ್ಪನವರ ಮೊಣಕಾಲಿಗೆ ತರಚಿದೆ. ಇಮಾಮಬಿಯವರ ಬಲಭುಜ ಬಾತಿದೆ. ಡಯಾಲಿಸಿಸ್ ಸೂಜಿ ಚುಚ್ಚುವುದು ಎಡಗೈಗೆ, ಅದಕ್ಕೆ ಏನೂ ಆಗಿಲ್ಲ. ಕಾರಿನ ಎಡಭಾಗ ಮುಂದಿನಿಂದ ಬಾಗಿಲಿನವರೆಗೆ ಒಳಗೆ ಹೋಗಿದೆ.

ಇಮಾಮಬಿಯವರನ್ನು ನೀನು ನೋಡಿಲ್ಲ. ಹಳೇ ಹುಬ್ಬಳ್ಳಿಯವರು. ಮಗನದು ಅಲ್ಲೇ ಗಾದಿ ಅಂಗಡಿ. ಅವರದೂ ಜಯಪ್ಪನವರದೂ ಡಯಾಲಿಸಿಸ್ಸಿಗೆ ಒಂದೇ ಪಾಳಿ, ಮಂಗಳವಾರ ಮತ್ತು ಶುಕ್ರವಾರ. ಪಕ್ಕಪಕ್ಕದ ಮಂಚ, ನಾಲ್ಕು ತಾಸೂ ಮಾತು. ಒಂದು ವರ್ಷದಿಂದ ನಮ್ಮ ಜೊತೆಗೇ ಬರುತ್ತಾರೆ.

ಪಾಲಿಸಿ ನೀನು ಮಾಡಿಸಿಕೊಟ್ಟದ್ದು. ಕಾರು ಗಬ್ಬೂರ ಬೈಪಾಸಿನ ಹತ್ತಿರ ಅಜರುದ್ದೀನನ ಗ್ಯಾರೇಜಿನಲ್ಲಿದೆ. ಕಂಪನಿಗೆ ಅಂದೇ ರಾತ್ರಿ ತಿಳಿಸಿದ್ದೇನೆ, ನಂಬರು ಕೊಟ್ಟಿದ್ದಾರೆ. ಮುಂದೆ ಏನು ಮಾಡಬೇಕು, ಬರೆ. ಫೋನು ಮಾಡಬೇಡ. ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ನಾನು ಹೂಂ ಎಂದುಬಿಡುತ್ತೇನೆ. ಆಮೇಲೆ ನನಗೇ ನೆನಪಿರುವುದಿಲ್ಲ.

ನಿನ್ನ
ಹೆಲೆನ್


ಮಾಳಮಡ್ಡಿ, ಧಾರವಾಡ
20 ಜನವರಿ 2025

ಪ್ರಿಯ ಹೆಲೆನ್,

ಜೀವ ಉಳಿಯಿತು, ಮೊದಲು ಅದು. ಜಯಪ್ಪಣ್ಣನ ಮೊಣಕಾಲು ಹೇಗಿದೆ?

ಹೆದರಬೇಡ. ಕ್ಲೇಮು ನೇರವಾಗಿದೆ. ಪಾಲಿಸಿ ಚಾಲ್ತಿಯಲ್ಲಿದೆ, ನಿನ್ನ ಲೈಸೆನ್ಸು ಸರಿಯಿದೆ, ಕುಡಿದು ನಡೆಸಿದ್ದಾಳೆ ಎಂದು ನಿನ್ನ ಮೇಲೆ ಯಾರೂ ಹೇಳಲಾರರು. ನಷ್ಟ ಎಷ್ಟೆಂದು ನೋಡಲು ಗುರುಪಾದ ಎನ್ನುವ ಸರ್ವೇಯರ್ ಬರುತ್ತಾರೆ. ಕೆಟ್ಟ ಮನುಷ್ಯನಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನಗೆ ಮೂವತ್ತು ವರ್ಷ ಪಾಠ ಹೇಳಿದ ಚಟ. ಒಂದು ಕೇಳಿದರೆ ಉದಾಹರಣೆ ಸಮೇತ ನಾಲ್ಕು ಹೇಳುತ್ತೀ.

ನಾನೇ ಬರಬೇಕಿತ್ತು. ನಮ್ಮ ಯಜಮಾನರಿಗೆ ಕಣ್ಣಿನ ಆಪರೇಶನ್ ಆಗಿದೆ, ದಿನಕ್ಕೆ ಆರು ಸಲ ಔಷಧ ಹಾಕಬೇಕು. ಇಪ್ಪತ್ತೆರಡು ವರ್ಷ ಈ ಏಜೆಂಟಗಿರಿ ಮಾಡಿದೆ. ಈಗ ಮೋಟಾರು ಕ್ಲೇಮು ಎಂದರೆ ಸೊಂಟದಿಂದ ಕೆಳಗೆ ಸುಸ್ತು ಇಳಿಯುತ್ತದೆ. ನಿನ್ನದು ಮಾತ್ರ ನಾನೇ ನೋಡುತ್ತೇನೆ.

ನಿನ್ನ
ದಾಕ್ಷಾ


ಹುಬ್ಬಳ್ಳಿ
10 ಫೆಬ್ರವರಿ 2025

ಪ್ರಿಯ ದಾಕ್ಷಾಯಿಣಿ,

ಗುರುಪಾದ ಅವರು ಹದಿನೆಂಟನೆಯ ದಿನಕ್ಕೆ ಬಂದರು. ಅಲ್ಲಿಯವರೆಗೆ ಅಜರುದ್ದೀನ ಕಾರಿನ ಒಂದು ಬೋಲ್ಟು ಬಿಚ್ಚಲಿಲ್ಲ, ಬಿಚ್ಚಬಾರದಂತೆ. ಸರ್ವೇಯರ್ ಫೋಟೊ ತೆಗೆದರು. ಹಿಂದಿನ ಸೀಟಿನಲ್ಲಿ ಯಾರಿದ್ದರು ಎಂದು ಕೇಳಿದರು. ಹೆಸರು ಹೇಳಿದೆ. ಸಂಬಂಧಿಕರೇ ಎಂದರು. ಅಲ್ಲ ಎಂದೆ. ಮತ್ತೇನೂ ಕೇಳಲಿಲ್ಲ. ನೀನು ಹೇಳಿದಂತೆ ನಾನೂ ಮತ್ತೇನೂ ಹೇಳಲಿಲ್ಲ.

ಕಳೆದ ಶುಕ್ರವಾರ ಅವರು ಆಸ್ಪತ್ರೆಗೆ ಬಂದಿದ್ದರು. ನಾನು ಔಷಧದ ಕೌಂಟರಿನಲ್ಲಿ ನಿಂತಿದ್ದೆ. ಮಷೀನಿನಿಂದ ಎದ್ದು, ತೋಳಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತಿದ್ದ ಇಮಾಮಬಿಯವರನ್ನು ಮಾತಾಡಿಸಿಕೊಂಡು ಹೋಗಿದ್ದಾರೆ. ಈ ಸಂಗತಿ ನನಗೆ ಗೊತ್ತಾದದ್ದು ಮನೆಗೆ ಬರುವಾಗ ಆಟೊದಲ್ಲಿ. ಕಾರು ಇಲ್ಲದ್ದರಿಂದ ಈಗ ಮೂವರೂ ಆಟೊದಲ್ಲಿ ಹೋಗಿಬರುತ್ತೇವೆ.

"ಅಕ್ಕೋರ, ನಿಮ್ಮ ವಿಮಾದಾಂವ ಬಂದಿದ್ದಾ. ಛಲೋ ಮನಶ್ಯಾ. ನನಗ ನೀರ ತಂದ ಕೊಟ್ಟಾ."

"ಏನ ಕೇಳಿದ್ರು?"

"ಕಾರಿನ್ಯಾಗ ಬರ್ತೀರಲ್ಲಾ, ರೊಕ್ಕ ಕೊಡ್ತೀರೇನು ಅಂದಾ. ಕೊಡಲಾರದ ಏನು, ಪ್ರತಿ ಸಲ ಎರಡ ನೂರ ಕೊಡ್ತೇನಿ, ಒಮ್ಮೀನೂ ಬಾಕಿ ಇಟ್ಟಿಲ್ಲಾ ಅಂದೆ. ಬೇಕಾದ್ರ ಬರ್ಕೋ ಅಂದೆ."

"ಬರ್ಕೊಂಡ್ನೇನ್ರಿ ಆಪಾ?" ಎಂದರು ಜಯಪ್ಪನವರು.

"ಬರ್ಕೊಳ್ಳಾರದ ಏನು! ನನ್ನ ಮುಂದ ಓದಿ ತೋರಿಸಿದಾ. ಸಹಿನೂ ಮಾಡಿಸ್ಕೊಂಡಾ."

ಅವರ ದನಿಯಲ್ಲಿ ಸಂತೋಷವಿತ್ತು. ತನ್ನ ಪರವಾಗಿ ಒಂದು ಸಾಕ್ಷಿ ದಾಖಲಾಯಿತು ಎನ್ನುವಂಥ ಸಂತೋಷ.

ಆ ಇನ್ನೂರು ರೂಪಾಯಿಯ ವಿಷಯ ನಿನಗೆ ಮೊದಲೇ ತಿಳಿಸಬೇಕಿತ್ತು. ಹೋದ ವರ್ಷ ಅವರು ಬರಲು ಶುರು ಮಾಡಿದಾಗ ಒಂದು ತಿಂಗಳು ನಾನು ದುಡ್ಡು ಮುಟ್ಟಲಿಲ್ಲ. ಐದನೆಯ ವಾರ ಅವರು ಕಾರಿಗೆ ಬರಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ನೋಡಿದರೆ ಬಸ್ ಸ್ಟಾಪಿನಲ್ಲಿ ಕಂಬ ಹಿಡಿದು ನಿಂತಿದ್ದಾರೆ. "ಪುಕ್ಕಟ ಕುಂದರಾಕ ನನಗ ಬರಂಗಿಲ್ಲ ಅಕ್ಕೋರ, ಬಸ್ಸಿನ್ಯಾಗ ನಿಂದರಾಕ ಬರತೈತಿ" ಎಂದರು. ಅಂದಿನಿಂದ ತೆಗೆದುಕೊಳ್ಳುತ್ತಿದ್ದೇನೆ. ಇಳಿಯುವ ಮುಂಚೆ ನೋಟು ಮಡಚಿ ಗೇರಿನ ಪಕ್ಕ ಇಡುತ್ತಾರೆ. ಅದರಿಂದ ಪೆಟ್ರೋಲು ಹಾಕಿಸುತ್ತೇನೆ.

ಇದರಿಂದ ತೊಂದರೆ ಇದೆಯೇ?

ಹೆಲೆನ್


ಮಾಳಮಡ್ಡಿ, ಧಾರವಾಡ
12 ಮಾರ್ಚ್ 2025

ಪ್ರಿಯ ಹೆಲೆನ್,

ನಿನ್ನ ಪ್ರಶ್ನೆಗೆ ತಿಂಗಳಾದರೂ ನಾನು ಉತ್ತರ ಬರೆಯಲಿಲ್ಲ. ಈಗ ಕಂಪನಿಯೇ ಕ್ಲೇಮು ತಿರಸ್ಕರಿಸಿ ಬರೆದಿದೆ. ನೀನು ಕಳಿಸಿದ ನಕಲು ಓದಿದೆ. "ಖಾಸಗಿ ವಾಹನವನ್ನು ಬಾಡಿಗೆಗೆ ಬಳಸಿರುವುದು ಸಹಪ್ರಯಾಣಿಕರ ಹೇಳಿಕೆಯಿಂದ ದೃಢಪಟ್ಟಿರುವುದರಿಂದ" ಎನ್ನುವ ಆ ಒಂದು ಸಾಲನ್ನು ನಾಲ್ಕು ಸಲ ಓದಿದೆ. ಪೆಟ್ರೋಲಿನ ಪಾಲು ಬಾಡಿಗೆ ಅಲ್ಲ ಎಂದು ವಾದ ಮಾಡಬಹುದು. ವಾದ ಮಾಡಲು ವರ್ಷ ಬೇಕು. ಜಯಪ್ಪಣ್ಣ ಅಲ್ಲಿಯವರೆಗೆ ಆಟೊದಲ್ಲಿ ಕುಲುಕಾಡಿಕೊಂಡು ಹೋಗಬೇಕೇ?

ಸೋಮವಾರ ಬ್ರಾಂಚಿಗೆ ಹೋಗಿದ್ದೆ. ಅಲ್ಲಿಯ ಮ್ಯಾನೇಜರ್ ಬಾಗಿಲು ಹಾಕಿ ಹೇಳಿದ: "ಮೇಡಮ್ಮಾರ, ಆ ಅಜ್ಜಿ ರೊಕ್ಕ ಕೊಟ್ಟಿಲ್ಲಾ ಅಂತ ಒಂದ ಸಹಿ ಮಾಡಿದ್ರ ಮುಗೀತ್ರಿ. ಅವತ್ತ ತಲಿ ತಿರಗತಿತ್ತು, ಏನ ಅಂದ್ನೋ ಗೊತ್ತಿಲ್ಲಾ ಅಂತ ಬರಸ್ರಿ. ಫೈಲ್ ಮತ್ತ ತಗೀತೇನಿ."

ಅವನು ಹೇಳಿದಂತೆ ಬರೆದ ಕಾಗದ ಇದರೊಳಗಿದೆ. ಆರು ಸಾಲು. ಇಮಾಮಬಿಯವರಿಂದ ಸಹಿ ಮಾಡಿಸು. ನಿನಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು. ನನಗೂ ಇಲ್ಲ. ಆದರೆ ಕಾರು ಬೇಕಾಗಿರುವುದು ನಿನಗೂ ಅಲ್ಲ, ನನಗೂ ಅಲ್ಲ.

ದಾಕ್ಷಾ


ಹುಬ್ಬಳ್ಳಿ
24 ಮಾರ್ಚ್ 2025

ಪ್ರಿಯ ದಾಕ್ಷಾಯಿಣಿ,

ಶನಿವಾರ ಹೋಗಿದ್ದೆ.

ಮೊದಲ ವಾರ ಕಾಗದವನ್ನು ಬೈಬಲ್ಲಿನ ಕೆಳಗೆ ಇಟ್ಟುಕೊಂಡೇ ಕಳೆದೆ. ಮಂಗಳವಾರ ಆಟೊದಿಂದ ಇಳಿಯುವಾಗ ಜಯಪ್ಪನವರ ಕಾಲು ಮಡಚಿತು. ಗೇಟಿನವರೆಗೆ ನಾನೂ ಆಟೊದವನೂ ಹೊತ್ತುಕೊಂಡೇ ಬಂದೆವು. ಆಮೇಲೆ ಕಾಗದವನ್ನು ಪರ್ಸಿಗೆ ಹಾಕಿಕೊಂಡೆ.

ಇಮಾಮಬಿಯವರ ಮನೆ ಅಂಗಡಿಯ ಹಿಂದೆಯೇ ಇದೆ. ಹತ್ತಿಯ ದೂಳು. ಒಂದು ಮಂಚ, ಅದರ ಮೇಲೆ ಮೂರು ಗಾದಿ. ನನ್ನನ್ನು ಅದರ ಮೇಲೆ ಕೂಡಿಸಿ ತಾವು ನೆಲಕ್ಕೆ ಕುಳಿತರು. ರಂಜಾನ್ ತಿಂಗಳು. ಡಾಕ್ಟರು ಬೇಡವೆಂದದ್ದರಿಂದ ಅವರು ರೋಜಾ ಹಿಡಿದಿಲ್ಲ. ಮನೆಯಲ್ಲಿ ಎಲ್ಲರೂ ಹಿಡಿದಿದ್ದಾರೆ. ಮೊದಲು ಅದನ್ನೇ ಹೇಳಿಕೊಂಡರು. "ಮಂದಿ ಮುಂದ ನೀರ ಕುಡ್ಯಾಕ ನಾಚಿಕಿ ಬರತೈತಿ ಅಕ್ಕೋರ. ಬಾಗಲಾ ಹಾಕ್ಕೊಂಡ ಕುಡೀತೇನಿ."

ಆಗಲೇ ಎದ್ದು ಬರಬೇಕಿತ್ತು.

ಕಾಗದ ಓದಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಸೆರಗು ತಲೆಯ ಮೇಲೆ ಎಳೆದುಕೊಂಡರು.

"ನಾ ರೊಕ್ಕ ಕೊಟ್ಟಿಲ್ಲಾ ಅಂತ ಬರದಾರೇನು?"

"ಬರೇ ಕಾಗದಕ್ಕ ಅಷ್ಟರಿ. ನನಗ ಗೊತ್ತೈತಿ ನೀವು ಕೊಟ್ಟೀರಿ ಅಂತ."

"ನಿಮಗ ಗೊತ್ತೈತಿ. ನನಗೂ ಗೊತ್ತೈತಿ. ಮತ್ತ ಈ ಕಾಗದ ಯಾರಿಗೆ?"

"ಕಂಪನಿಗೆ."

"ಒಂದ ವರ್ಷ ಪುಕ್ಕಟ ಕುಂತಾಳ ಅಂತ ಕಂಪನಿಗೆ ಹೇಳೋದು. ಮ್ಯಾಲ ತಲಿ ಕೆಟ್ಟಿತ್ತು ಅಂತನೂ ಹೇಳೋದು." ಕಾಗದದ ಕಡೆ ಕೈ ಮಾಡಿದರು. "ರೋಜಾ ತಪ್ಪಿದ್ದಕ್ಕ ಅಲ್ಲಾ ಮಾಫ್ ಮಾಡ್ತಾನ, ಜಡ್ಡಿನ ಮಂದಿಗೆ ಮಾಫಿ ಐತಿ. ಇದಕ್ಕೇನ ಹೇಳಲಿ?"

ನಾನು ಕಾಗದ ಮಡಚಿದೆ. ಅವರು ನನ್ನ ಕೈ ಹಿಡಿದರು, ಸಿಟ್ಟಿನಿಂದ ಅಲ್ಲ. "ತರ್ರಿ. ಸರ್ ಕಾಲಿಗೆ ತ್ರಾಸ ಆಗೇತಿ, ನಾ ನೋಡೇನಿ. ಮಾಡ್ತೇನಿ." ಪೆನ್ನು ಕೇಳಿದರು. ನಾನು ಕೊಡಲಿಲ್ಲ.

ಇಂದು ಆಸ್ಪತ್ರೆಯಿಂದ ಫೋನು ಬಂದಿತ್ತು, ಔಷಧದ ವಿಷಯಕ್ಕೆ. ಇಮಾಮಬಿ ನಾಳೆಯಿಂದ ಬೆಳಗಿನ ಪಾಳಿಗೆ ಹೋಗುತ್ತಾರೆ, ತಾವೇ ಕೇಳಿ ಬದಲಿಸಿಕೊಂಡರು ಎಂದು ನರ್ಸು ಮಾತಿಗೆ ಹೇಳಿದಳು. ಜಯಪ್ಪನವರಿಗೆ ಹೇಳಿದೆ. "ನಾಕ ತಾಸ ಛತ್ತ ನೋಡಕೋತ ಮಲಗಬೇಕಾತು" ಎಂದರು.

ಕಾಗದವನ್ನು ವಾಪಸು ಕಳಿಸಿದ್ದೇನೆ. ಕಂಪನಿಗೆ ನಾನೇ ಬರೆಯುತ್ತೇನೆ: ಅವರು ಕೊಟ್ಟದ್ದು ನಿಜ, ನಾನು ತೆಗೆದುಕೊಂಡದ್ದು ನಿಜ, ಅದು ಪೆಟ್ರೋಲಿಗೆ. ಇದಕ್ಕೂ ಒಪ್ಪದಿದ್ದರೆ ವಿಮಾ ಲೋಕಪಾಲರಿಗೂ ಇದನ್ನೇ ಬರೆಯುತ್ತೇನೆ. ಸೋತರೆ ಸೋತೆ.

ಪಾಲಿಸಿ ಮೇ 18ಕ್ಕೆ ಮುಗಿಯುತ್ತದೆ. ನಿನಗೊಂದು ಪ್ರಶ್ನೆ. ಸ್ನೇಹ ಬದಿಗಿಡು. ಕಂತು ಎಷ್ಟು ಕಡಿಮೆ ಎಂದು ಹೇಳಬೇಡ. ಕ್ಲೇಮು ಬಂದಾಗ ಸರಿಯಾಗಿ ನಡೆದುಕೊಳ್ಳುವ ಕಂಪನಿ ಯಾವುದು? ಮೂರು ವರ್ಷದ ಹಿಂದೆ ನೀನು ನನ್ನನ್ನು ಹಳೆಯ ಕಂಪನಿ ಬಿಡಿಸಿ ಇದಕ್ಕೆ ತಂದೆ. ಆಗ ಇದನ್ನು ನೋಡಿದ್ದೆಯಾ?

ಹೆಲೆನ್


ಮಾಳಮಡ್ಡಿ, ಧಾರವಾಡ
7 ಏಪ್ರಿಲ್ 2025

ಪ್ರಿಯ ಹೆಲೆನ್,

ನೋಡಿರಲಿಲ್ಲ.

ನೀನು ಇಷ್ಟು ನೇರ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಹಳೆಯ ಕಂಪನಿಯ ಹುಬ್ಬಳ್ಳಿ ಆಫೀಸಿಗೆ ಒಂದು ದಿನ ಯಾರದೋ ಕ್ಲೇಮಿಗೆ ಹೋಗಿದ್ದೆ. ಅಲ್ಲಿಯ ಅಧಿಕಾರಿ ಎಲ್ಲರೆದುರಿಗೆ, "ನೀವು ಏಜೆಂಟ್ರು, ಪಾಲಿಸಿ ಮಾರಿ ಹೋಗ್ರಿ. ಕ್ಲೇಮಿನ್ಯಾಗ ತಲಿ ಹಾಕಬ್ಯಾಡ್ರಿ" ಎಂದ. ಒಂದೂವರೆ ತಾಸು ನಿಂತೇ ಇದ್ದೆ. ಹೊಸ ಕಂಪನಿಗೆ ನಾನು ಹೋದ ಕೂಡಲೇ ಕುರ್ಚಿ ಕೊಟ್ಟರು, ಚಹಾ ತರಿಸಿದರು, "ಮೇಡಮ್ಮಾರ" ಎಂದರು. ಆ ವರ್ಷ ನನ್ನ ಗಿರಾಕಿಗಳನ್ನೆಲ್ಲ ಕರೆದುಕೊಂಡು ಇತ್ತ ಬಂದೆ. ನಿನ್ನನ್ನೂ. ಅವರು ಕ್ಲೇಮು ಹೇಗೆ ಕೊಡುತ್ತಾರೆ ಎಂದು ಒಬ್ಬರನ್ನೂ ಕೇಳಲಿಲ್ಲ. ಯಾವ ಕಂಪನಿ ಛಲೋ ಎಂದು ಕೇಳಿದವರಿಗೆಲ್ಲ ಈ ಮೂರು ವರ್ಷ ಆ ಕುರ್ಚಿಯನ್ನು ನೆನೆಸಿಕೊಂಡೇ ಉತ್ತರ ಕೊಟ್ಟಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಏಜೆಂಟರನ್ನು ಕೇಳಬೇಡ. ಗ್ಯಾರೇಜಿನವರನ್ನು ಕೇಳು. ದುಡ್ಡಿಗಾಗಿ ಕಾಯುವವರು ಅವರು, ಅವರಿಗೆ ಗೊತ್ತಿರುತ್ತದೆ.

ಇದರ ಜೊತೆ ಒಂದು ಚೆಕ್ಕಿದೆ. ರಿಪೇರಿಗೆ ಪೂರ್ತಿ ಸಾಲುವುದಿಲ್ಲ. ನನ್ನ ತಪ್ಪು ಎಷ್ಟೋ ಅಷ್ಟಕ್ಕೆ ಇರಲಿ.

ದಾಕ್ಷಾ


ಹುಬ್ಬಳ್ಳಿ
29 ಏಪ್ರಿಲ್ 2025

ಪ್ರಿಯ ದಾಕ್ಷಾಯಿಣಿ,

ಚೆಕ್ಕನ್ನು ಇದರೊಳಗೆ ಇಟ್ಟಿದ್ದೇನೆ. ಕಾರಣ ಬರೆಯುವುದಿಲ್ಲ. ಕಾರಣ ಇಮಾಮಬಿಯವರು ಬಸ್ ಸ್ಟಾಪಿನಲ್ಲಿ ಹೇಳಿದ್ದೇ, ನನಗಿಂತ ಅವರು ಚೆನ್ನಾಗಿ ಹೇಳುತ್ತಾರೆ.

ಅಜರುದ್ದೀನನನ್ನು ಕೇಳಿದೆ. ಅವನು ಕಾರಿನ ಕೆಳಗೆ ಮಲಗಿಕೊಂಡೇ ಮಾತಾಡಿದ.

"ಟೀಚರ್ರ, ಪಾಲಿಸಿ ಮಾರೂಮುಂದ ಎಲ್ಲಾ ಕಂಪನಿಯವ್ರೂ ಬೀಗತನ ಮಾಡಾಕ ಬಂದೋರಗತೆ ಇರ್ತಾರ. ಕ್ಲೇಮಿಗೆ ಹೋಗ್ರಿ, ನಿಮ್ಮ ಹೆಸರ ಏನಂತಾರ."

"ಅದ್ರಾಗ ಛಲೋ ಅವ್ರು ಯಾರೂ ಇಲ್ಲೇನು?"

"ಅದಾರ. ನಿಮ್ಮ ಹಳೀ ಕಂಪನಿಯವ್ರು ನಿಧಾನ, ಬಾಯಿನೂ ಕೆಟ್ಟ. ಖರೇ, ಒಮ್ಮೆ ಹೂಂ ಅಂದ್ರ ಅಂದಂಗ. ಈಗಿನ ನಿಮ್ಮವ್ರು ಬಾಯಿ ಭಾಳ ಸಿಹಿ. ಅವರ ಮೂರ ಗಾಡಿ ನನ್ನ ಶೆಡ್ಡಿನ್ಯಾಗ ಮಳಿಗಾಲದಿಂದ ಕುಂತಾವ, ಒಂದರಾಗ ಬೆಕ್ಕ ಮರಿ ಹಾಕೇತಿ. ನಾ ಏನ ಮರಿಗೂ ವಿಮಾ ಮಾಡಸ್ಲ್ಯಾ?"

ಅವನ ಮಾತನ್ನು ಪೂರ್ತಿ ನಂಬಲು ನನಗಾಗಲಿಲ್ಲ. ಒಂದು ಗ್ಯಾರೇಜಿನ ಅನುಭವ ಅದು. ಹಾಗಾಗಿ ನನ್ನದೇ ಒಂದು ಪರೀಕ್ಷೆ ಮಾಡಿದ್ದೇನೆ. ಮೂರು ಕಂಪನಿಗಳಿಗೆ ಒಂದೇ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. "ನನ್ನ ಕಾರಿನಲ್ಲಿ ಪರಿಚಿತ ರೋಗಿಯೊಬ್ಬರು ವಾರಕ್ಕೆರಡು ಸಲ ಆಸ್ಪತ್ರೆಗೆ ಬರುತ್ತಾರೆ. ಪ್ರತಿ ಸಲ ಪೆಟ್ರೋಲಿಗೆಂದು ಇನ್ನೂರು ರೂಪಾಯಿ ಕೊಡುತ್ತಾರೆ, ನಾನು ತೆಗೆದುಕೊಳ್ಳುತ್ತೇನೆ. ಅಪಘಾತವಾದರೆ ನೀವು ಏನು ಮಾಡುತ್ತೀರಿ?" ಅಷ್ಟೇ ಬರೆದದ್ದು. ಕ್ಲೇಮು ಹೇಗೆ ನೋಡುತ್ತಾರೆ ಎಂದು ಕ್ಲೇಮಿಗೆ ಮುಂಚೆಯೇ ತಿಳಿಯಲು ನನಗೆ ಬೇರೆ ದಾರಿ ಕಾಣಲಿಲ್ಲ.

ಈಗಿನ ಕಂಪನಿಯಿಂದ ಮೂರನೆಯ ದಿನ ಫೋನು. "ಮೇಡಂ, ಅದನ್ನೆಲ್ಲಾ ಯಾಕ ಬರೀತೀರಿ? ಸುಮ್ನ ರಿನ್ಯೂ ಮಾಡ್ರಿ, ನಾವ ಅದೇವಲ್ಲಾ." ಬರೆದು ಕೊಡಿ ಎಂದೆ. ಕೊಡಲಿಲ್ಲ. ಎರಡನೆಯ ಕಂಪನಿ ರಿಯಾಯಿತಿಯ ಮೆಸೇಜು ಕಳಿಸುತ್ತಿದೆ, ದಿನಕ್ಕೆ ಎರಡು. ಹಳೆಯ ಕಂಪನಿಯಿಂದ ಏನೂ ಇಲ್ಲ.

ನನ್ನ ದೂರನ್ನು ಈಗಿನ ಕಂಪನಿ ಮತ್ತೆ ತಿರಸ್ಕರಿಸಿದೆ. ಲೋಕಪಾಲರಿಗೆ ಕಳಿಸಿ ಆಯಿತು. ಕಾರನ್ನು ಕೈಯಿಂದ ಖರ್ಚು ಮಾಡಿ ರಿಪೇರಿಗೆ ಹಾಕಿದ್ದೇನೆ. ಬಹಳ ದಣಿದಿದ್ದೇನೆ, ದಾಕ್ಷಾಯಿಣಿ. ಆಸ್ಪತ್ರೆಯಲ್ಲಿ ಜಯಪ್ಪನವರ ಪಕ್ಕದ ಮಂಚಕ್ಕೆ ಯಾರೋ ಬಂದಿದ್ದಾರೆ, ನಾಲ್ಕು ತಾಸೂ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾರೆ.

ಹೆಲೆನ್


ಮಾಳಮಡ್ಡಿ, ಧಾರವಾಡ
6 ಮೇ 2025

ಪ್ರಿಯ ಹೆಲೆನ್,

ಚೆಕ್ಕು ಬಂತು. ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಈಗ ಇಲ್ಲ.

ಯಾವ ಕಂಪನಿ ಎಂದು ನಿಶ್ಚಯವಾದರೆ ತಿಳಿಸು. ನನ್ನ ಕಡೆಯಿಂದಲ್ಲ ಎಂದಾದರೂ ತಿಳಿಸು. ಯಾರಾದರೂ ಕೇಳಿದರೆ ಇನ್ನು ಮುಂದೆ ಏನು ಹೇಳಬೇಕು ಎಂದು ನನಗೂ ಗೊತ್ತಾಗಬೇಕು. ಪಾಲಿಸಿ ಒಂದು ದಿನವೂ ತಪ್ಪಿ ಹೋಗಲು ಬಿಡಬೇಡ.

ದಾಕ್ಷಾ


ಹುಬ್ಬಳ್ಳಿ
15 ಮೇ 2025

ಪ್ರಿಯ ದಾಕ್ಷಾಯಿಣಿ,

ಹಳೆಯ ಕಂಪನಿಯಿಂದ ಸೋಮವಾರ ಉತ್ತರ ಬಂತು. ಕ್ಲೇಮು ವಿಭಾಗದ ವಾಣಿಶ್ರೀ ಎನ್ನುವವರ ಸಹಿ ಇದೆ. ಅರ್ಧ ಪುಟ. ಅದರಲ್ಲಿ ಸಮಾಧಾನದ ಮಾತು ಒಂದೂ ಇಲ್ಲ. "ಪೆಟ್ರೋಲಿನ ಖರ್ಚು ಹಂಚಿಕೊಳ್ಳುವುದು ಬಾಡಿಗೆಯೇ ಅಲ್ಲವೇ ಎಂಬುದು ಆಯಾ ಪ್ರಕರಣಕ್ಕೆ ಬಿಟ್ಟದ್ದು, ಈಗಲೇ ಭರವಸೆ ಕೊಡಲಾಗದು. ನೀವು ಈ ಸಂಗತಿಯನ್ನು ಅರ್ಜಿಯ ಜೊತೆ ಬರೆದು ಕೊಟ್ಟರೆ ಫೈಲಿನಲ್ಲಿ ಇಡುತ್ತೇವೆ. ಮುಂದೆ ಪ್ರಶ್ನೆ ಬಂದರೆ ಮೊದಲು ಮಾಲೀಕರಾದ ನಿಮ್ಮನ್ನು ಕೇಳುತ್ತೇವೆ."

ಕೊನೆಯ ಆ ವಾಕ್ಯಕ್ಕಾಗಿ ನಾನು ಅವರನ್ನು ಆರಿಸಿದ್ದೇನೆ. ಕಂತು ಈಗಿನದಕ್ಕಿಂತ ಹೆಚ್ಚು. ನೀನು ಒಂದೂವರೆ ತಾಸು ನಿಂತ ಆಫೀಸು ಅದೇ ಎಂದು ಗೊತ್ತಿದೆ. ನಿನ್ನನ್ನು ಅಲ್ಲಿಗೆ ಕರೆಯುವುದಿಲ್ಲ, ನಾನೇ ಹೋಗುತ್ತೇನೆ. ಯಾರಾದರೂ ಕೇಳಿದರೆ ಅವರೇ ಒಳ್ಳೆಯವರು ಎಂದು ಹೇಳಬೇಡ. ಒಂದು ಪ್ರಶ್ನೆಗೆ ಉತ್ತರ ಬರೆದರು ಎಂದು ಮಾತ್ರ ಹೇಳು. ನನಗೆ ಗೊತ್ತಿರುವುದು ಅಷ್ಟೇ.

ಕಾರು ನಿನ್ನೆ ಬಂತು. ಎಡ ಬಾಗಿಲು ಬೇರೆ ಗಾಡಿಯದು, ಬಣ್ಣ ಸ್ವಲ್ಪ ಬೇರೆ.

ಅರ್ಜಿ ತುಂಬಿ ಮೇಜಿನ ಮೇಲಿದೆ. ಜೊತೆಗಿಡುವ ಹಾಳೆಯಲ್ಲಿ ಇಮಾಮಬಿಯವರ ಹೆಸರು, ಮಂಗಳವಾರ, ಶುಕ್ರವಾರ, ಪೆಟ್ರೋಲಿನ ಪಾಲು ಎಲ್ಲ ಬರೆದೆ. ಬರೆದ ಮೇಲೆ ನೋಡಿದರೆ ಅದೀಗ ಸುಳ್ಳು. ಅವರು ನಮ್ಮ ಕಾರಿನಲ್ಲಿ ಬರುತ್ತಿಲ್ಲ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತುತ್ತಾರಂತೆ. ಹೋದ ವಾರ ಇಳಿಯುವಾಗ ಬಿದ್ದರಂತೆ, ನರ್ಸು ಹೇಳಿದಳು.

ಜಯಪ್ಪನವರಿಗೆ ಹೇಳಿದೆ, ಕ್ಷಮೆ ಕೇಳಿ ಕರೆದುಕೊಂಡು ಬರುತ್ತೇನೆ ಎಂದು. "ಕ್ಷಮಾ ಕೇಳಬ್ಯಾಡ" ಎಂದರು. "ಕ್ಷಮಾ ಕೇಳಿದ್ರ, ಹೋಗ್ಲಿ ಬಿಡ್ರಿ ಅಕ್ಕೋರ ಅಂತಾಳ, ಚಹಾ ಕುಡಿಸಿ ಕಳಸ್ತಾಳ. ಗಾಡಿ ಹತ್ತಂಗಿಲ್ಲ."

ಅವರ ಮಾತನ್ನು ಮೂರು ದಿನ ಯೋಚಿಸಿದೆ. ಒಂದು ವರ್ಷ ಅವರು ಇಟ್ಟ ನೋಟನ್ನು ನಾನು ತೆಗೆದುಕೊಂಡೆ, ಒಮ್ಮೆಯೂ ನಾನಾಗಿ ಕೇಳಿದವಳಲ್ಲ. ಬೇಡವಾದದ್ದನ್ನು ಅವರ ಮರ್ಯಾದೆಗಾಗಿ ತೆಗೆದುಕೊಳ್ಳುತ್ತಿದ್ದೇನೆ ಎನ್ನುವಂತೆ ತೆಗೆದುಕೊಳ್ಳುತ್ತಿದ್ದೆ. ಅದು ಅವರಿಗೆ ಕಾಣುತ್ತಿರಲಿಲ್ಲ ಎಂದು ಈಗ ನನಗೆ ಅನ್ನಿಸುವುದಿಲ್ಲ.

ಹೀಗೆ ನಿಶ್ಚಯಿಸಿದ್ದೇನೆ. ಶನಿವಾರ ಬೆಳಿಗ್ಗೆ, ಅರ್ಜಿ ಕೊಡಲು ಹೋಗುವ ಮುಂಚೆ, ಹಳೇ ಹುಬ್ಬಳ್ಳಿಗೆ ಹೋಗುತ್ತೇನೆ. ರಿಪೇರಿಗೆ ಖರ್ಚಾಗಿದೆ, ಒಬ್ಬಳಿಗೇ ಪೆಟ್ರೋಲು ಹಾಕಿಸುವುದು ಆಗುತ್ತಿಲ್ಲ, ನೀವು ಪಾಲಿಗೆ ಬರಬೇಕು ಎಂದು ಕೇಳುತ್ತೇನೆ. ಇನ್ನೂರಲ್ಲ, ಇನ್ನೂರೈವತ್ತು ಎನ್ನುತ್ತೇನೆ. ಇದ್ಯಾವ ನ್ಯಾಯ ಎಂದು ಅವರು ಜಗಳ ತೆಗೆಯುತ್ತಾರೆ. ತೆಗೆಯಲಿ.

ನಿನ್ನ
ಹೆಲೆನ್